ಬಿಎಸ್ಸಿ ಅಗ್ರಿ ಓದಿದವರು ಅನುಭವ ಹೇಳಿ

ತಿಪಟೂರಿನ ತಾಯಿ:
ಮಗಳಿಗೆ ರೈತ ಕೋಟಾದಲ್ಲಿ ಬಿಎಸ್ಸಿ ಅಗ್ರಿ ಸೀಟು ಸಿಗುವ ಹಾಗಿದೆ. ಇಂಜಿನಿಯರಿಂಗ್‌ಗೂ ರ‍್ಯಾಂಕ್ ಬಂದಿದೆ. ಅವಳಿಗೆ ಅಗ್ರಿ ಇಷ್ಟ, ಅವರಪ್ಪನಿಗೆ ಬೇಡ. ನಮಗಿರುವುದು ಎರಡು ಎಕರೆ ತೆಂಗು. ಓದಿದವರು ಈಗ ಏನು ಮಾಡುತ್ತಿದ್ದೀರಿ?

ಹಳ್ಳಿ ಬ್ಯಾಂಕ್:
ಅಕ್ಕ, ನಾನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಓದಿದವಳು. 2014ರಲ್ಲಿ ಮುಗಿಸಿದೆ. ಈಗ ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ. ಅದಕ್ಕೆ ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಎಎಫ್‌ಒ ಪರೀಕ್ಷೆ ಮೂರು ಸಲ ಬರೆದೆ. ಮೊದಲ ಸಲ ರೀಸನಿಂಗ್‌ನಲ್ಲೇ ಹೋಯಿತು. ನಾಲ್ಕು ವರ್ಷ ಮಣ್ಣು, ಬೀಜ, ಕೀಟ ಅಂತ ಓದಿದವಳಿಗೆ ಆ ಲೆಕ್ಕಗಳು ತಲೆಗೆ ಹತ್ತಲಿಲ್ಲ. ಎರಡನೇ ಸಲ ಇಂಟರ್‌ವ್ಯೂ ತನಕ ಹೋಗಿ ಒಂದೂವರೆ ಅಂಕದಲ್ಲಿ ತಪ್ಪಿತು. ಪಿಜಿ ಬಾಡಿಗೆ ತಿಂಗಳಿಗೆ 4,500. ಕೋಚಿಂಗ್ 16,000. ಅಪ್ಪ ಕರೆಯುವ ಹಸು ಮಾರಿದರು, 38,000ಕ್ಕೆ. ಆ ಲೆಕ್ಕ ಇವತ್ತಿಗೂ ನನಗೆ ಬಾಯಿಪಾಠ.

2017ರಲ್ಲಿ ಮೊದಲ ಪೋಸ್ಟಿಂಗ್ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಒಬ್ಬ ರೈತರು ಹತ್ತಿ ಹೂವು ತಂದು ಟೇಬಲ್ ಮೇಲಿಟ್ಟರು. ಎಸಳು ಬಿಚ್ಚದೆ ಗುಲಾಬಿ ಮೊಗ್ಗಿನ ಹಾಗೆ ಸುತ್ತಿಕೊಂಡಿತ್ತು. ಉಗುರಿನಲ್ಲಿ ಬಿಡಿಸಿದೆ. ಒಳಗೆ ಸಣ್ಣ ಹುಳ, ಗುಲಾಬಿ ಕಾಯಿಕೊರಕ. ಪ್ರಾಕ್ಟಿಕಲ್‌ನಲ್ಲಿ ಬಾಟಲಿಯೊಳಗೆ ನೋಡಿದ್ದೆ. ಅವರು ಏನೂ ಹೇಳದೆ ತಲೆಯಾಡಿಸಿದರು. ಓದಿದ್ದು ಸಾರ್ಥಕ ಅನ್ನಿಸಿತು.

ಬೈಕ್ ಮೇಲಿನ ಎಂಎಸ್ಸಿ:
ಎಲ್ಲರಿಗೂ ಬ್ಯಾಂಕ್ ಸಿಗಲ್ಲ ಮೇಡಂ. ನಾನು ಧಾರವಾಡದಲ್ಲಿ ಎಂಎಸ್ಸಿ ಅಗ್ರೋನಮಿ, ಅಂದರೆ ಬೇಸಾಯಶಾಸ್ತ್ರ, ಮುಗಿಸಿದೆ. ಸರ್ಕಾರಿ ನೇಮಕಾತಿಗೆ ಕಾದು ಕಾದು ವಯಸ್ಸು 30 ಆಯಿತು. ಈಗ ಬೆಳೆಗೆ ಹೊಡೆಯುವ ಔಷಧಿ ಕಂಪನಿಯೊಂದರ ಸೇಲ್ಸ್. ಸಂಬಳ 24,000. ದಿನಕ್ಕೆ 140 ಕಿಲೋಮೀಟರ್ ಬೈಕ್. ಪೆಟ್ರೋಲ್‌ಗೆ ಕಿಲೋಮೀಟರಿಗೆ 3.50 ಕೊಡುತ್ತಾರೆ. ಚೈನ್ ಸೆಟ್ ವರ್ಷದಲ್ಲಿ ಎರಡು ಸಲ ಹಾಕಿಸಿದೆ, ಒಂದೊಂದು ಸಲ 1,900, ಅದು ನನ್ನ ಕೈಯಿಂದ. ಅಂಗಡಿಯವರು ಬಾಕಿ ಕೊಡದಿದ್ದರೆ ನನ್ನ ಇನ್ಸೆಂಟಿವ್ ಕಟ್.

ಇದಕ್ಕಿಂತ ನೋವಾಗಿದ್ದು ಇನ್ನೊಂದು. ಅಗ್ರಿ ಡಿಗ್ರಿ ಇದ್ದರೆ ಔಷಧಿ ಅಂಗಡಿಗೆ ಲೈಸೆನ್ಸ್ ಸಿಗುತ್ತದಲ್ವಾ. ಒಬ್ಬರು ತಿಂಗಳಿಗೆ 2,000 ಕೊಡುತ್ತೇನೆ, ನಿಮ್ಮ ಸರ್ಟಿಫಿಕೇಟ್ ಕೊಡಿ, ಅಂಗಡಿಗೆ ಬರುವುದೇ ಬೇಡ ಅಂದರು. ಆರು ವರ್ಷ ಓದಿದ್ದಕ್ಕೆ ಅಷ್ಟು ಬಾಡಿಗೆ. ಕೊಡಲಿಲ್ಲ.

ರಾಗಿಹೊಲ:
ಔಷಧಿ ಅನ್ನಬೇಡಿ, ವಿಷ ಅನ್ನಿ. ನಾನೂ ಬಿಎಸ್ಸಿ ಅಗ್ರಿ. ಕೆಲಸಕ್ಕೆ ಅರ್ಜಿಯನ್ನೇ ಹಾಕದೆ ಮಧುಗಿರಿ ಕಡೆ ಆರು ಎಕರೆಗೆ ವಾಪಸ್ ಬಂದೆ. ಮೊದಲ ಬೋರ್ 680 ಅಡಿ, ಬರೀ ಧೂಳು. ಎರಡನೆಯದು 910 ಅಡಿ, ಒಂದೂವರೆ ಇಂಚು ನೀರು ಬಂತು, ಎಂಟು ತಿಂಗಳಿಗೆ ನಿಂತಿತು. ಮೂರನೆಯದರಲ್ಲಿ ಕೇಸಿಂಗ್ ಜಾರಿ ಮೋಟಾರ್ ಸಿಕ್ಕಿಕೊಂಡಿತು, ಎತ್ತೋಕೆ 22,000. ಒಟ್ಟು 3,40,000. ಬೋರ್ ಆಸೆ ಬಿಟ್ಟೆ. ಈಗ ಮಳೆ ನಂಬಿ ರಾಗಿ. ಮಳೆ ಬೇಗ ಬಂದರೆ ದೀರ್ಘಾವಧಿ ತಳಿ ಎಂಆರ್-6, ತಡವಾದರೆ ಅದಕ್ಕಿಂತ ಬೇಗ ಕೊಯ್ಲಿಗೆ ಬರುವ ಜಿಪಿಯು-28. ತಡವಾದ ಮಳೆಗೆ ದೀರ್ಘಾವಧಿ ತಳಿ ಹಾಕಿ ಕಾಳು ಕಟ್ಟದೆ ಹೋದ ಹೊಲಗಳು ನಮ್ಮ ಸುತ್ತ ಎಷ್ಟೋ. ಸಾಲ ಪೂರ್ತಿ ತೀರಿಲ್ಲ. ಆದರೂ ಯಾರ ಟಾರ್ಗೆಟ್ಟೂ ನನ್ನ ಮೇಲಿಲ್ಲ.

ಬೈಕ್ ಮೇಲಿನ ಎಂಎಸ್ಸಿ:
ಅಪ್ಪನ ಆರು ಎಕರೆ ಇದ್ದವರು ಹೀಗೆ ಮಾತಾಡಬಹುದು. ನಮ್ಮ ಮನೆಯಲ್ಲಿ ಇರುವುದು 30 ಗುಂಟೆ, ಮೂವರು ಅಣ್ಣತಮ್ಮಂದಿರು. ನಾನು ಯಾವ ರೈತರಿಗೂ ಸುಳ್ಳು ಹೇಳಿ ಮಾರಿಲ್ಲ. ಡಬ್ಬಿ ಮೇಲೆ ಕೆಂಪು ಗುರುತಿದ್ದರೆ ಎಲ್ಲಕ್ಕಿಂತ ಜಾಸ್ತಿ ವಿಷ, ಹಸಿರಿದ್ದರೆ ಕಡಿಮೆ ಅಂತ ಪ್ರತಿ ಊರಲ್ಲೂ ತೋರಿಸುತ್ತೇನೆ.

ಹಳ್ಳಿ ಬ್ಯಾಂಕ್:
ತೋರಿಸಿದರೆ ಸಾಲದು. ಯವತ್ಮಾಳದಲ್ಲಿ 2017ರಲ್ಲಿ ಹತ್ತಿಗೆ ಔಷಧಿ ಹೊಡೆದು 20ಕ್ಕೂ ಜಾಸ್ತಿ ಜನ ಸತ್ತರು. ಆಳೆತ್ತರ ಬೆಳೆದ ಹತ್ತಿಯೊಳಗೆ ನಿಂತು, ಮುಖಕ್ಕೆ ಏನೂ ಕಟ್ಟದೆ ಹೊಡೆಯುತ್ತಿದ್ದರು. ಎರಡು ಮೂರು ಔಷಧಿ ಬೆರೆಸುತ್ತಿದ್ದರು. ಬೆರೆಸಿ ಅಂತ ಹೇಳಿದವರು ಯಾರು? ಹೆಚ್ಚಿನ ಕಡೆ ಅಂಗಡಿಯವರೇ. ನೀವು ಆ ಸರ್ಟಿಫಿಕೇಟ್ ಕೊಡದೆ ಇದ್ದದ್ದು ದೊಡ್ಡ ಕೆಲಸ ತಮ್ಮಾ. ಕೊಟ್ಟವರೂ ಇದ್ದಾರೆ.

ಡಿಪ್ಲೊಮಾ ಹುಡುಗ:
ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಡಿಪ್ಲೊಮಾ, ಕನ್ನಡದಲ್ಲೇ ಓದಿದೆವು. ಅದು ಯಾರಿಗೂ ಲೆಕ್ಕಕ್ಕಿಲ್ಲ. ಇಂಗ್ಲಿಷ್‌ನಲ್ಲಿ ಓದಿದ ಬಿಎಸ್ಸಿಯವರಿಗೆ ಕುಂಟೆ ಹಿಡಿಯೋಕೆ ಬರಲ್ಲ. ನಾವು ಹೊಲದಲ್ಲಿ ಕಲಿತವರು.

ರಾಗಿಹೊಲ:
ನಾವೂ ಹೊಲದಲ್ಲೇ ಕಲಿತೆವು. ಏಳನೇ ಸೆಮಿಸ್ಟರ್‌ನಲ್ಲಿ ರಾವೆ ಅಂತ, ರೈತರ ಜೊತೆ ಇದ್ದು ಕಲಿಯುವ ಕಾರ್ಯಕ್ರಮಕ್ಕೆ, ಹಳ್ಳಿಯಲ್ಲೇ ಇದ್ದೆವು. ನಾನು ಪಾವಗಡ ಕಡೆಯ ಒಂದು ಮನೆಯಲ್ಲಿ ಬಿತ್ತನೆಗೆ ಇಟ್ಟಿದ್ದ ಕಡಲೆಕಾಯಿ ಬೀಜ ನೂರು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟೆ. ದಿನಾ ನೀರು ಚಿಮುಕಿಸುತ್ತಿದ್ದೆ. ಬಿಚ್ಚಿ ನೋಡಿದರೆ 58 ಮೊಳೆತಿದ್ದವು. ಕನಿಷ್ಠ 70 ಬೇಕು. ಆ ಮನೆಯವರು ಆ ಮೂಟೆ ಬಿತ್ತಲಿಲ್ಲ, ಗಾಣಕ್ಕೆ ಹಾಕಿದರು. ಕುಂಟೆ ನನಗೆ ಅಪ್ಪನೇ ಕಲಿಸಿದ್ದರು. ಡಿಪ್ಲೊಮಾ ಬಗ್ಗೆ ಇಲ್ಲಿ ಯಾರೂ ಕೆಟ್ಟದಾಗಿ ಮಾತಾಡಿಲ್ಲ, ನೀವು ಯಾಕೆ ಎಳೆದು ತಂದಿರಿ?