ಮೋಟರ್ ಬದಲಿಸಿದ ಮೇಲೂ ಅದೇ ಶಬ್ದ: ಮತ್ತೊಮ್ಮೆ ಮೋಟರ್ ಕೇಳಲೇ, ವಿಸ್ತರಿತ ವಾರಂಟಿ ಕೊಳ್ಳಲೇ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನ್ನ ವಿದ್ಯುತ್ ಕಾರಿನಿಂದ ಮತ್ತೆ ಅದೇ ಶಬ್ದ ಬರತೊಡಗಿದೆ. ದೂರದ ಕಣದಲ್ಲಿ ಅಡಿಕೆ ಸುಲಿಯುವ ಯಂತ್ರ ಓಡುತ್ತಿರುವಂತೆ ಒಂದೇ ಸಮನೆ ಕೊರೆಯುವ ಶಬ್ದ. ಇದೇ ದೂರಿಗಾಗಿ ಬೇಸಿಗೆಯಲ್ಲಿ ಸರ್ವಿಸ್ ಕೇಂದ್ರದವರು ವಾರಂಟಿಯಲ್ಲಿ ಮೋಟರನ್ನೇ ಬದಲಿಸಿದ್ದರು. ಬಿಡಿಭಾಗ ಬರುವವರೆಗೆ ಕಾರು ಅಲ್ಲೇ ನಿಂತಿತ್ತು, ಮನೆಮಂದಿಯೆಲ್ಲ ಬಸ್ಸಿನಲ್ಲಿ ಓಡಾಡಿದೆವು. ಮಳೆಗಾಲ ಮುಗಿಯುವ ಹೊತ್ತಿಗೆ ಶಬ್ದ ಮರಳಿ ಬಂದಿದೆ. ಈಗ ಅದೇ ಕೇಂದ್ರದವರು ಇಷ್ಟು ಶಬ್ದ ಸಹಜವೆನ್ನುತ್ತಾರೆ, ಜೊತೆಗೆ ವಿಸ್ತರಿತ ವಾರಂಟಿ ಕೊಂಡುಬಿಡಿ ಎಂದು ಒತ್ತಾಯಿಸುತ್ತಾರೆ. ಸಹಜವಾದ ಶಬ್ದಕ್ಕೆ ಮೋಟರ್ ಏಕೆ ಬದಲಿಸಿದಿರಿ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಮೂಲ ವಾರಂಟಿ ಮುಂದಿನ ತಿಂಗಳು ಮುಗಿಯುತ್ತದೆ. ಎರಡನೆಯ ಮೋಟರಿಗಾಗಿ ಪಟ್ಟು ಹಿಡಿಯಲೇ, ಹಣ ಕೊಟ್ಟು ವಾರಂಟಿ ಮುಂದುವರಿಸಲೇ, ಕಾರನ್ನೇ ಮಾರಿಬಿಡಲೇ? ತಿಳಿದವರು ದಯವಿಟ್ಟು ಹೇಳಬೇಕು.

ಘಾಟಿಸವಾರ (ತೀರ್ಥಹಳ್ಳಿ)

ಯಾವ ವೇಗದಲ್ಲಿ ಶಬ್ದ ಬರುತ್ತದೆ, ಎಷ್ಟು ಕಿಲೋಮೀಟರ್ ಓಡಿದೆ, ಟೈರ್ ಹಳೆಯದೇ ಹೊಸದೇ ಎಂಬುದೊಂದನ್ನೂ ನೀವು ಬರೆದಿಲ್ಲ. ಆದರೂ ಮಳೆಗಾಲದ ನಂತರ ಎಂದಿರುವುದರಿಂದ ನನಗೆ ಸಂಶಯವೇ ಇಲ್ಲ, ಇದು ಚಕ್ರದ ಬೇರಿಂಗ್. ನಮ್ಮ ಕಡೆಯ ರಸ್ತೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರು ನೀರಿನಲ್ಲೇ ಓಡಬೇಕು; ಹಬ್‌ನ ಸೀಲ್ ಒಮ್ಮೆ ಸೋತರೆ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬ್ಯಾಟರಿಯ ಭಾರದಿಂದ ವಿದ್ಯುತ್ ಕಾರಿನ ಬೇರಿಂಗಿಗೆ ಹೊರೆಯೂ ಹೆಚ್ಚು. ಖಾಲಿ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಸ್ಟೀರಿಂಗನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದರೆ ಭಾರ ಎಡಚಕ್ರಕ್ಕೆ ಹೋಗುತ್ತದೆ. ಆಗ ಶಬ್ದ ಹೆಚ್ಚಾದರೆ ಎಡಬದಿಯ ಬೇರಿಂಗ್ ಹೋಗಿದೆ, ಕಡಿಮೆಯಾದರೆ ಬಲಬದಿಯದು. ಮೋಟರಿನ ಗೊಡವೆಗೆ ಹೋಗಲೇಬೇಡಿ.

ತುಂಗಾತೀರ (ಶಿವಮೊಗ್ಗ)

ಎರಡೂ ಬದಿಗೆ ತಿರುಗಿಸಿ ನೋಡಿದೆ, ಶಬ್ದದಲ್ಲಿ ಏನೂ ವ್ಯತ್ಯಾಸವಿಲ್ಲ. ಟೈರುಗಳನ್ನು ಕಳೆದ ವರ್ಷವೇ ಬದಲಿಸಿದ್ದೇನೆ. ಮೊದಲ ಬಾರಿ ಈ ಶಬ್ದ ಬಂದದ್ದು ಅದಕ್ಕೂ ಮುಂಚೆ.

ಘಾಟಿಸವಾರ (ತೀರ್ಥಹಳ್ಳಿ)

ವ್ಯತ್ಯಾಸವಿಲ್ಲವೆಂದರೆ ಎರಡೂ ಬದಿಯ ಬೇರಿಂಗ್ ಒಟ್ಟಿಗೆ ಸವೆದಿರಬಹುದು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಕೈಯಿಂದ ತಿರುಗಿಸುವಾಗ ಇನ್ನೊಂದು ಕೈಯನ್ನು ಕಾಯಿಲ್ ಸ್ಪ್ರಿಂಗ್ ಮೇಲಿಟ್ಟರೆ ಒರಟುತನ ಬೆರಳಿಗೇ ತಿಳಿಯುತ್ತದೆ. ಮೋಟರ್ ಬದಲಿಸಿಯೂ ಶಬ್ದ ಹೋಗಲಿಲ್ಲವೆಂಬುದೇ ದೋಷ ಮೋಟರಿನಲ್ಲಿಲ್ಲ ಎಂಬುದಕ್ಕೆ ಸಾಕ್ಷಿ.

ವಿದ್ಯುತ್‌ಕಮ್ಮಟ (ಭದ್ರಾವತಿ)

ಘಾಟಿಸವಾರರ ಕೊನೆಯ ಮಾತನ್ನು ಒಪ್ಪುತ್ತೇನೆ, ಆದರೆ ಮೋಟರಿನಲ್ಲಿಲ್ಲದ ದೋಷ ಚಕ್ರದಲ್ಲೇ ಇರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಮೋಟರ್ ಮತ್ತು ಡ್ರೈವ್‌ಗಳ ನಡುವೆಯೇ ಕೆಲಸ ಮಾಡಿದವನಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶಬ್ದ ವೇಗಕ್ಕೆ ತಕ್ಕಂತೆ ಬದಲಾಗುತ್ತದೆಯೇ, ಹೊರೆಗೆ ತಕ್ಕಂತೆ ಬದಲಾಗುತ್ತದೆಯೇ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಬೇರಿಂಗ್ ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಚಕ್ರ ತಿರುಗುವವರೆಗೆ ಶಬ್ದವಿರುತ್ತದೆ. ಗೇರಿನ ಹಲ್ಲುಗಳ ಶಬ್ದ ಹಾಗಲ್ಲ, ಹಲ್ಲಿನ ಮೇಲೆ ಬಲ ಬಿದ್ದಾಗ ಏರುತ್ತದೆ, ಬಲವಿಲ್ಲದಿದ್ದಾಗ ಅಡಗುತ್ತದೆ. ಕಾರನ್ನು ಎಳೆಯುವಾಗ ಹಲ್ಲಿನ ಒಂದು ಮುಖ, ರೀಜನ್‌ನಲ್ಲಿ ನಿಧಾನಿಸುವಾಗ (ಆಗ ಮೋಟರೇ ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತದೆ) ಅದರ ಎದುರು ಮುಖ ಕೆಲಸ ಮಾಡುತ್ತದೆಯಾದ್ದರಿಂದ ಇವೆರಡರ ನಡುವಿನ ವ್ಯತ್ಯಾಸವೂ ಬಹಳ ಹೇಳುತ್ತದೆ. ಬ್ಯಾಟರಿಯ ಡಿ.ಸಿ. ವಿದ್ಯುತ್ತನ್ನು ಮೋಟರಿಗೆ ಬೇಕಾದ ಎ.ಸಿ.ಯಾಗಿಸುವ ಇನ್ವರ್ಟರ್‌ನ ಸ್ವಿಚಿಂಗ್ ಶಬ್ದವಾದರೆ ತೀಕ್ಷ್ಣವಾದ ಸಿಳ್ಳಿನ ಹಾಗಿದ್ದು, ಸಾಮಾನ್ಯವಾಗಿ ವೇಗ ಬದಲಾದರೂ ಅದರ ಶ್ರುತಿ ಬದಲಾಗುವುದಿಲ್ಲ.

ಇನ್ನೊಂದು ಸಾಧ್ಯತೆಯನ್ನು ಮರೆಯಬಾರದು. ಇನ್ವರ್ಟರ್‌ನಿಂದ ಓಡುವ ಮೋಟರುಗಳಲ್ಲಿ ಶಾಫ್ಟಿಗೆ ವೋಲ್ಟೇಜ್ ಏರಿ, ಬೇರಿಂಗಿನ ಎಣ್ಣೆಪದರವನ್ನು ಭೇದಿಸಿ ಕಿಡಿಯಾಗಿ ಹಾಯಬಹುದು. ಕಾಲಾಂತರದಲ್ಲಿ ಬೇರಿಂಗಿನ ಓಟದ ಹಾದಿಯಲ್ಲಿ ಸಾಲುಸಾಲಾದ ಗೀರುಗಳು ಮೂಡುತ್ತವೆ. ಇದನ್ನು ತಡೆಯಲೆಂದೇ ಶಾಫ್ಟಿಗೆ ಅರ್ಥಿಂಗ್ ಉಂಗುರವನ್ನೋ ಸೆರಾಮಿಕ್ ಗುಂಡುಗಳ ಬೇರಿಂಗನ್ನೋ ಹಾಕುತ್ತಾರೆ. ನಮ್ಮ ಕಾರ್ಖಾನೆಯ ದೊಡ್ಡ ಮೋಟರುಗಳಲ್ಲಿ ಇಂತಹ ಗೀರುಗಳನ್ನು ಕಣ್ಣಾರೆ ಕಂಡಿರುವುದರಿಂದ ನನ್ನ ಮೊದಲ ಅನುಮಾನ ಇಲ್ಲಿಗೇ ಹೋಗುತ್ತದೆ.

ಸಮತಟ್ಟಾದ, ಖಾಲಿಯಾದ ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಹೋಗಿ ಕ್ಷಣಕಾಲ ನ್ಯೂಟ್ರಲ್ ಮಾಡಿ ಏನು ಕೇಳಿಸುತ್ತದೆಂದು ತಿಳಿಸಿ. ಶಬ್ದದ ಆವರ್ತನ ತೋರಿಸುವ ಆ್ಯಪ್ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಪಕ್ಕದಲ್ಲಿ ಕುಳಿತವರಿಂದ ನಲವತ್ತರಲ್ಲೂ ಅರವತ್ತರಲ್ಲೂ ಅಳತೆ ತೆಗೆಸಿ.

ಅಡಿಕೆತೋಟ (ಸಾಗರ)

ನ್ಯೂಟ್ರಲ್ ಪರೀಕ್ಷೆಗೆ ಆಗುಂಬೆ ಘಾಟಿಗಿಂತ ಒಳ್ಳೆಯ ಜಾಗವಿಲ್ಲ. ಇಳಿಜಾರಿನಲ್ಲಿ ವೇಗ ತಾನಾಗಿ ಉಳಿದುಕೊಳ್ಳುತ್ತದೆ, ಬೇಕಾದಷ್ಟು ಹೊತ್ತು ಕೇಳಬಹುದು. ನನ್ನ ಕಾರು ತೋಟದ ಮನೆಯ ಸೌರಫಲಕದಿಂದಲೇ ಚಾರ್ಜ್ ಆಗುತ್ತದೆ, ಇದುವರೆಗೆ ಒಂದು ಶಬ್ದವೂ ಬಂದಿಲ್ಲ.

ಘಾಟಿಸವಾರ (ತೀರ್ಥಹಳ್ಳಿ)

ದಯವಿಟ್ಟು ಯಾರೂ ಈ ಮಾತನ್ನು ಕೇಳಬೇಡಿ. ಆಗುಂಬೆಯಲ್ಲಿ 14 ತಿರುವುಗಳಿವೆ, ಎದುರಿನಿಂದ ಬಸ್ಸು ಬಂದರೆ ಸರಿದು ನಿಲ್ಲಲೂ ಜಾಗವಿಲ್ಲ. ನ್ಯೂಟ್ರಲ್‌ನಲ್ಲಿ ರೀಜನ್ ಇರುವುದಿಲ್ಲವಾದ್ದರಿಂದ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಬಿಸಿಯಾದರೆ ಹಿಡಿತ ಹೋಗುತ್ತದೆ. ಘಾಟಿಯ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿಯುವುದೇ ಸರಿಯಲ್ಲ, ಆಗ ಗೇರಿನಲ್ಲಿದ್ದರೂ ರೀಜನ್ ದುರ್ಬಲವಾಗಿರುತ್ತದೆ.

ಅಡಿಕೆತೋಟ (ಸಾಗರ)

ಪೂರ್ತಿ ಘಾಟಿ ಇಳಿಯಿರೆಂದು ನಾನು ಹೇಳಿಲ್ಲ. ತಿರುವುಗಳ ನಡುವಿನ ನೇರ ತುಂಡಿನಲ್ಲಿ ಕೆಲವು ಕ್ಷಣ ಸಾಕು.

ವೇದಿಕೆಯ ನಿರ್ವಾಹಕ

ಘಾಟಿಯ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸಿ. ಪರೀಕ್ಷೆಯನ್ನು ಸಮತಟ್ಟಾದ ರಸ್ತೆಯಲ್ಲೇ ಮಾಡಬೇಕು. ಪ್ರಶ್ನೆ ಕೇಳಿದವರು ಕಂಪನಿಯ ಹೆಸರನ್ನಾಗಲಿ ಸರ್ವಿಸ್ ಕೇಂದ್ರದ ಹೆಸರನ್ನಾಗಲಿ ಬರೆಯಬೇಕಿಲ್ಲ.

ತುಂಗಾತೀರ (ಶಿವಮೊಗ್ಗ)

ಭದ್ರಾವತಿ ರಸ್ತೆಯಲ್ಲಿ ಬೆಳಗಿನ ಜಾವ ಪರೀಕ್ಷೆ ಮಾಡಿದೆ. ಎಳೆಯುವಾಗ ಶಬ್ದ ಸ್ಪಷ್ಟವಾಗಿದೆ. ಮಂಡಗದ್ದೆಯ ಕಡೆಗೆ ಏರು ಹತ್ತುವಾಗ ಇನ್ನೂ ಜೋರು. ರೀಜನ್‌ನಲ್ಲಿ ಇದೆ, ಆದರೆ ಕಡಿಮೆ. ನ್ಯೂಟ್ರಲ್ ಮಾಡಿದೊಡನೆ ಬಹುಪಾಲು ಅಡಗುತ್ತದೆ, ಟೈರಿನ ಸದ್ದು ಮಾತ್ರ ಉಳಿಯುತ್ತದೆ. ಆ್ಯಪ್‌ನಲ್ಲಿ ಅರವತ್ತರ ವೇಗಕ್ಕೆ ಸುಮಾರು 550 ಹರ್ಟ್ಸ್, ನಲವತ್ತಕ್ಕೆ ಸುಮಾರು 365 ಹರ್ಟ್ಸ್ ಬಳಿ ಎತ್ತರದ ಶಿಖರ ಕಾಣುತ್ತದೆ. ಕಾರು ಐವತ್ತು ಸಾವಿರ ಕಿಲೋಮೀಟರ್ ದಾಟಿದೆ. ಗೇರ್ ಅನುಪಾತ ಕೈಪಿಡಿಯಲ್ಲಿ 9ರ ಆಸುಪಾಸು ಇದೆ, ಅಂದರೆ ಚಕ್ರದ ಒಂದು ಸುತ್ತಿಗೆ ಮೋಟರಿನ ಸುಮಾರು ಒಂಬತ್ತು ಸುತ್ತು.

ವಿದ್ಯುತ್‌ಕಮ್ಮಟ (ಭದ್ರಾವತಿ)

ಈ ಅಳತೆ ಬಹಳ ಉಪಯುಕ್ತವಾಗಿದೆ. ಟೈರಿನ ಸುತ್ತಳತೆ ಸುಮಾರು 2 ಮೀಟರ್ ಎಂದಿಟ್ಟುಕೊಂಡರೆ ಅರವತ್ತರ ವೇಗದಲ್ಲಿ ಚಕ್ರ ಸೆಕೆಂಡಿಗೆ 8.3 ಸುತ್ತು ತಿರುಗುತ್ತದೆ. ಅನುಪಾತ 9 ಆದ್ದರಿಂದ ಮೋಟರಿನ ಶಾಫ್ಟ್ ಸೆಕೆಂಡಿಗೆ 75 ಸುತ್ತು, ಅಂದರೆ ನಿಮಿಷಕ್ಕೆ 4,500 ಸುತ್ತು ತಿರುಗುತ್ತದೆ. 550ನ್ನು 75ರಿಂದ ಭಾಗಿಸಿದರೆ ಬರುವುದು 7.3. ನಲವತ್ತರ ವೇಗದಲ್ಲಿ ಶಾಫ್ಟ್ 50 ಸುತ್ತು, 365ನ್ನು ಭಾಗಿಸಿದರೂ 7.3. ಎರಡೂ ಕಡೆ ಅದೇ ಅಂಕಿ ಬಂದಿರುವುದರಿಂದ ಇದು ತಿರುಗುವ ಭಾಗದ ಶಬ್ದವೇ ಹೌದು, ಇನ್ವರ್ಟರ್‌ನದಲ್ಲ.

ಮೋಟರಿನ ಶಾಫ್ಟಿನ ಮೇಲಿರುವ ಗೇರಿನ ಶಬ್ದವಾಗಲಿ, ಮೋಟರಿನ ಅಯಸ್ಕಾಂತ ಬಲದ ಶಬ್ದವಾಗಲಿ ಶಾಫ್ಟಿನ ವೇಗದ ಪೂರ್ಣಾಂಕದ ಪಟ್ಟಿನಲ್ಲಿ ಬರುತ್ತದೆ. 8 ಧ್ರುವಗಳ ಮೋಟರಿನಲ್ಲಿ ಸಾಮಾನ್ಯವಾಗಿ 24 ಅಥವಾ 48 ಪಟ್ಟು. 7.3 ಪೂರ್ಣಾಂಕವಲ್ಲ. ಗೇರ್‌ಪೆಟ್ಟಿಗೆಯಲ್ಲಿ ವೇಗವನ್ನು ಎರಡು ಹಂತಗಳಲ್ಲಿ ತಗ್ಗಿಸುತ್ತಾರೆ. ಪ್ರತಿ ಹಂತ ಸುಮಾರು 3 ಎಂದಾದರೆ ನಡುವಿನ ಶಾಫ್ಟ್ 25 ಸುತ್ತು ತಿರುಗುತ್ತದೆ, ಅದರ ಮೇಲಿನ, ಎರಡನೆಯ ಹಂತದ ಚಿಕ್ಕ ಗೇರಿಗೆ 22 ಹಲ್ಲುಗಳಿದ್ದರೆ ಸರಿಯಾಗಿ 550 ಹರ್ಟ್ಸ್ ಆಗುತ್ತದೆ. ನಿಮ್ಮ ಕಾರಿನ ಹಲ್ಲುಗಳ ನಿಜವಾದ ಲೆಕ್ಕವನ್ನು ಕಾರ್ಯಾಗಾರದ ಕೈಪಿಡಿಯಿಂದ ತೆಗೆಸಿ ಹೋಲಿಸಬೇಕು. ಬೇರಿಂಗಿನ ಶಬ್ದವೂ ಪೂರ್ಣಾಂಕವಲ್ಲದ ಪಟ್ಟಿನಲ್ಲಿ ಬರಬಹುದು, ಆದರೆ ನ್ಯೂಟ್ರಲ್‌ನಲ್ಲಿ ಅದು ಹೀಗೆ ಅಡಗುವುದಿಲ್ಲ. ಆದ್ದರಿಂದ ಶಾಫ್ಟಿನ ವಿದ್ಯುತ್ತಿನ ಅನುಮಾನವನ್ನು ಪಕ್ಕಕ್ಕಿಟ್ಟು ಗೇರ್‌ಪೆಟ್ಟಿಗೆಯ ಎರಡನೆಯ ಹಂತವನ್ನೇ ನೋಡಬೇಕೆಂದು ಹೇಳುತ್ತೇನೆ.

ಘಾಟಿಸವಾರ (ತೀರ್ಥಹಳ್ಳಿ)

ಲೆಕ್ಕ ಚೆನ್ನಾಗಿದೆ. ಆದರೂ ಕಾರು ಲಿಫ್ಟ್ ಮೇಲೆ ಏರಿದಾಗ ಚಕ್ರದ ಬೇರಿಂಗ್ ಮತ್ತು ಡ್ರೈವ್‌ಶಾಫ್ಟ್ ಎರಡನ್ನೂ ನೋಡಿಸದೆ ಬಿಡಬೇಡಿ.

ಶರಾವತಿಹಿನ್ನೀರು (ಹೊಸನಗರ)

ಇಷ್ಟು ಹೊತ್ತಾದರೂ ಯಾರೂ ಕೇಳದ ಪ್ರಶ್ನೆ ಒಂದಿದೆ. ಬೇಸಿಗೆಯಲ್ಲಿ ಬದಲಿಸಿದ್ದು ನಿಖರವಾಗಿ ಏನನ್ನು? ಕೆಲವು ಕಾರುಗಳಲ್ಲಿ ಮೋಟರ್, ಗೇರ್‌ಪೆಟ್ಟಿಗೆ, ಇನ್ವರ್ಟರ್ ಮೂರೂ ಒಂದೇ ಘಟಕವಾಗಿರುತ್ತವೆ. ಇನ್ನು ಕೆಲವದರಲ್ಲಿ ಮೋಟರನ್ನು ಮಾತ್ರ ಬಿಚ್ಚಿ ಹಳೆಯ ಗೇರ್‌ಪೆಟ್ಟಿಗೆಗೇ ಜೋಡಿಸಬಹುದು. ಎರಡನೆಯ ಬಗೆಯಾದರೆ ದೋಷವಿರುವ ಪೆಟ್ಟಿಗೆ ಈಗಲೂ ನಿಮ್ಮ ಕಾರಿನಲ್ಲೇ ಇದೆ. ಬಿಚ್ಚಿ ಕೂಡಿಸುವಾಗ ಹೊಸ ಎಣ್ಣೆ ಬಿದ್ದಿದ್ದರೆ ಕೆಲವು ಕಾಲ ಶಬ್ದ ತಗ್ಗಿರಲೂಬಹುದು. ಅಂದಿನ ಬಿಲ್ ತೆಗೆದು ನೋಡಿ.

ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಕಾರಿನಲ್ಲೂ ಆರಂಭದ ವರ್ಷಗಳಲ್ಲಿ ಇದೇ ಆಗಿತ್ತು. ಶಬ್ದದ ದೂರು ಬಂದಾಗ ಹಲವು ಬಾರಿ ಇಡೀ ಡ್ರೈವ್ ಘಟಕವನ್ನೇ ಬದಲಿಸುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಡಿಫರೆನ್ಷಿಯಲ್‌ನಲ್ಲಿ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳಲ್ಲಿ) ಅಗ್ಗದ ಒಂದು ಶಿಮ್, ಅಂದರೆ ತೆಳುವಾದ ಬಿಲ್ಲೆ, ಹಾಕಿದ್ದರೆ ಸಾಕಾಗುತ್ತಿತ್ತೆಂದು ಕಂಪನಿಯ ಮುಖ್ಯಸ್ಥರೇ 2014ರಲ್ಲಿ ಹೇಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಡ್ರೈವ್ ಘಟಕದ ವಾರಂಟಿಯನ್ನು ಕಿಲೋಮೀಟರ್ ಮಿತಿಯಿಲ್ಲದೆ 8 ವರ್ಷಕ್ಕೆ ವಿಸ್ತರಿಸಿ, ಅದಾಗಲೇ ಮಾರಿದ್ದ ಕಾರುಗಳಿಗೂ ಅನ್ವಯಿಸಿದರು.

ನೀರಿನ ವಿಚಾರವನ್ನೂ ಹೇಳಬೇಕು. ಓಡಿ ಬಿಸಿಯಾದ ಗೇರ್‌ಪೆಟ್ಟಿಗೆ ರಸ್ತೆಯ ಮೇಲೆ ಹರಿಯುವ ನೀರಿಗಿಳಿದು ತಟ್ಟನೆ ತಣಿದರೆ, ಒಳಗಿನ ಗಾಳಿ ಕುಗ್ಗಿ ಬ್ರೀದರ್ (ಗಾಳಿಕಿಂಡಿ) ಅಥವಾ ಸೀಲ್ ಮೂಲಕ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿದ್ದರೆ ಎಣ್ಣೆ ಹಾಲು ಬೆರೆತ ಬಣ್ಣಕ್ಕೆ ತಿರುಗಿರುತ್ತದೆ. ಹಲ್ಲು ಸವೆದಿದ್ದರೆ ಎಣ್ಣೆ ಕಪ್ಪಾಗಿ, ಡ್ರೇನ್ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಲೋಹದ ಪುಡಿ ಅಂಟಿರುತ್ತದೆ.

ತುಂಗಾತೀರ (ಶಿವಮೊಗ್ಗ)

ಬಿಲ್‌ನಲ್ಲಿ ಮೋಟರ್, ಕೂಲೆಂಟ್, ಗೇರ್ ಎಣ್ಣೆ ಮತ್ತು ಕೆಲವು ಬೋಲ್ಟುಗಳು ಮಾತ್ರ ಇವೆ. ಗೇರ್‌ಪೆಟ್ಟಿಗೆಯ ಹೆಸರೇ ಇಲ್ಲ. ಹಾಗಾದರೆ ಅದು ವಾರಂಟಿಯಲ್ಲಿ ಬರುತ್ತದೆಯೇ? ಮೋಟರಿಗೆ 8 ವರ್ಷವಿದೆಯೆಂದು ಕೊಳ್ಳುವಾಗ ಹೇಳಿದ್ದರು.

ಬಿದನೂರಿಗ (ನಗರ)

ವಿಸ್ತರಿತ ವಾರಂಟಿಯ ಪ್ರಶ್ನೆಯೂ ಇಲ್ಲೇ ತೀರ್ಮಾನವಾಗುತ್ತದೆ. ಬೇರೊಂದು ಕಾರಿನ ಉದಾಹರಣೆ ಕೊಡುತ್ತೇನೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿಗೆ ಬ್ಯಾಟರಿ ಮತ್ತು ಮೋಟರಿನ ಮೇಲೆ 8 ವರ್ಷ ಅಥವಾ 1,60,000 ಕಿ.ಮೀ., ಉಳಿದ ವಾಹನದ ಮೇಲೆ 3 ವರ್ಷ ಅಥವಾ 1,25,000 ಕಿ.ಮೀ. ವಾರಂಟಿ ಕೊಟ್ಟಿದ್ದರು. ಇಂತಹ ಎರಡು ಅವಧಿಗಳ ಪದ್ಧತಿ ಹಲವು ಕಂಪನಿಗಳಲ್ಲಿದೆ. ಗೇರ್‌ಪೆಟ್ಟಿಗೆ, ಇನ್ವರ್ಟರ್, ಆನ್‌ಬೋರ್ಡ್ ಚಾರ್ಜರ್, ಬ್ಯಾಟರಿಯ ವೋಲ್ಟೇಜನ್ನು ದೀಪ ಮುಂತಾದವಕ್ಕೆ ತಗ್ಗಿಸುವ ಡಿಸಿ-ಡಿಸಿ ಕನ್ವರ್ಟರ್, ಎ.ಸಿ. ಕಂಪ್ರೆಸರ್ ಇವು ದೀರ್ಘ ಅವಧಿಯ ಪಟ್ಟಿಯಲ್ಲಿವೆಯೋ ಚಿಕ್ಕ ಅವಧಿಯ ಪಟ್ಟಿಯಲ್ಲಿವೆಯೋ ಎಂಬುದನ್ನು ನಿಮ್ಮ ವಾರಂಟಿ ಪುಸ್ತಿಕೆಯಲ್ಲಿ ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಮಾರಾಟಗಾರರ ಬಾಯಿಮಾತಿಗೆ ಬೆಲೆಯಿಲ್ಲ.

ಅದಕ್ಕಿಂತ ತುರ್ತಾದ ಕೆಲಸವೆಂದರೆ, ಮೂಲ ವಾರಂಟಿ ಮುಗಿಯುವ ಮೊದಲೇ ಈ ಶಬ್ದವನ್ನು ಜಾಬ್ ಕಾರ್ಡಿನಲ್ಲಿ (ಸರ್ವಿಸ್ ಕೇಂದ್ರದವರು ದೂರು ಮತ್ತು ಕೆಲಸ ದಾಖಲಿಸುವ ಹಾಳೆ) ಬರೆಯಿಸಿ ಪ್ರತಿ ಪಡೆಯುವುದು. ಯಾವ ವೇಗದಲ್ಲಿ, ಯಾವ ಹೊರೆಯಲ್ಲಿ ಬರುತ್ತದೆ, ನ್ಯೂಟ್ರಲ್‌ನಲ್ಲಿ ಅಡಗುತ್ತದೆ ಎಂಬುದೆಲ್ಲ ಅದರಲ್ಲಿರಬೇಕು. ಈಗಲೇ ಇರುವ ದೋಷವನ್ನು ವಿಸ್ತರಿತ ವಾರಂಟಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದ್ದರಿಂದ ಈ ಶಬ್ದಕ್ಕೆ ಪರಿಹಾರವೆಂದು ಅದನ್ನು ಕೊಳ್ಳಬೇಡಿ. ಸಹಜವೆಂದು ಅವರು ಹೇಳುವುದಾದರೆ ಅದನ್ನೂ ಲಿಖಿತವಾಗಿಯೇ ಕೊಡಲಿ.

ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಬೇರೆ ಊರಿನಲ್ಲಿದ್ದರೂ ನೀವು ಶಿವಮೊಗ್ಗ ಬಿಡಬೇಕಿಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು.

ಅಡಿಕೆತೋಟ (ಸಾಗರ)

ವಿಸ್ತರಿತ ವಾರಂಟಿಗೆ ಕೊಡುವ ಹಣವನ್ನು ಬ್ಯಾಂಕಿನಲ್ಲಿಟ್ಟರೆ ರಿಪೇರಿಗೆ ಒದಗುತ್ತದೆ. ನಾನು ಕೊಂಡಿಲ್ಲ.

ವಿದ್ಯುತ್‌ಕಮ್ಮಟ (ಭದ್ರಾವತಿ)

ನಾನು ಇದನ್ನು ಒಪ್ಪುವುದಿಲ್ಲ. ಮಲೆನಾಡಿನಲ್ಲಿ ಸಿಡಿಲು ಹೆಚ್ಚು, ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಏರಿಳಿತವೂ ಹೆಚ್ಚು. ಆನ್‌ಬೋರ್ಡ್ ಚಾರ್ಜರ್ ಸುಟ್ಟರೆ ಬಿಚ್ಚಿ ರಿಪೇರಿ ಮಾಡುವವರು ವಿರಳ, ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸುತ್ತಾರೆ. ಪಟ್ಟಿಯಲ್ಲಿ ಚಾರ್ಜರ್ ಮತ್ತು ಕನ್ವರ್ಟರ್ ಇದ್ದು, ಹೊರಗಿನ ವೋಲ್ಟೇಜಿನಿಂದಾದ ಹಾನಿಯನ್ನು ಹೊರಗಿಟ್ಟಿಲ್ಲವೆಂದಾದರೆ ಕೊಳ್ಳುವುದು ಸರಿ. ಹೊರಗಿಟ್ಟಿದ್ದರೆ ಆ ಹಣದಲ್ಲಿ ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ ಹಾಕಿಸಿ.

ತುಂಗಾತೀರ (ಶಿವಮೊಗ್ಗ)

ಜಾಬ್ ಕಾರ್ಡ್ ಬರೆಯಿಸಿದೆ. ಆವರ್ತನದ ಚಿತ್ರಗಳನ್ನು ತೋರಿಸಿದ ಮೇಲೆ ಮೇಲ್ವಿಚಾರಕರೇ ಜೊತೆಗೆ ಕುಳಿತು ಏರು ರಸ್ತೆಯಲ್ಲಿ ಬಂದು ಕೇಳಿಸಿಕೊಂಡರು. ಸಹಜವೆಂಬ ಮಾತು ಮತ್ತೆ ಬರಲಿಲ್ಲ. ಗೇರ್‌ಪೆಟ್ಟಿಗೆಯ ಎಣ್ಣೆ ಇಳಿಸಿದಾಗ ಕಡುಬೂದು ಬಣ್ಣವಿತ್ತು, ಅಯಸ್ಕಾಂತಕ್ಕೆ ಲೋಹದ ಪುಡಿ ಮೆತ್ತಿಕೊಂಡಿತ್ತು. ಫೋಟೋಗಳನ್ನು ಕಂಪನಿಗೆ ಕಳುಹಿಸಿ ಗೇರ್‌ಪೆಟ್ಟಿಗೆ ಬದಲಿಸಲು ಅನುಮತಿ ಕೇಳಿದ್ದಾರೆ. ನನ್ನ ಪುಸ್ತಿಕೆಯಲ್ಲಿ ಗೇರ್‌ಪೆಟ್ಟಿಗೆ ಚಿಕ್ಕ ಅವಧಿಯ ಪಟ್ಟಿಯಲ್ಲಿದೆ, ಅಂದರೆ ಒಂದು ತಿಂಗಳು ತಡವಾಗಿದ್ದರೆ ಪೂರ್ತಿ ಖರ್ಚು ನನ್ನದಾಗುತ್ತಿತ್ತು. ಚಕ್ರದ ಬೇರಿಂಗ್‌ಗಳನ್ನೂ ನೋಡಿಸಿದೆ, ಸಡಿಲವಿಲ್ಲ. ವಿಸ್ತರಿತ ವಾರಂಟಿಯ ಷರತ್ತುಗಳ ಪೂರ್ಣ ಪ್ರತಿ ಕೇಳಿದ್ದೇನೆ, ಈವರೆಗೆ ಕೊಟ್ಟದ್ದು ಜಾಹೀರಾತಿನ ಹಾಳೆ ಮಾತ್ರ.

ವಿದ್ಯುತ್‌ಕಮ್ಮಟ (ಭದ್ರಾವತಿ)

ಇಳಿಸಿದ ಎಣ್ಣೆಯನ್ನು ಅವರು ಚೆಲ್ಲುವ ಮೊದಲು ಒಂದು ಶುದ್ಧವಾದ ಬಾಟಲಿಗೆ ಹಾಕಿಸಿ, ದಿನಾಂಕ ಮತ್ತು ಜಾಬ್ ಕಾರ್ಡ್ ಸಂಖ್ಯೆ ಬರೆದು ಮುಚ್ಚಿಡಿ. ಷರತ್ತುಗಳ ಪ್ರತಿ ಕೈಗೆ ಬಂದ ಮೇಲೆ ಭಾಗಗಳ ಪಟ್ಟಿಯನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇವೆ. ಅಲ್ಲಿಯವರೆಗೆ ಹಣ ಕಟ್ಟಬೇಡಿ.