ಅಪ್‌ಡೇಟ್: ಇಡೀ ಕಾರಿಗೆ ಬಣ್ಣ ಹೊಡೆಸಲಿಲ್ಲ

ಕಾರಿನ ಬಾನೆಟ್ ಮತ್ತು ಛಾವಣಿಯ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಿಪ್ಪೆಯಂತೆ ಏಳುತ್ತಿದೆ, ಇಡೀ ಕಾರಿಗೆ ಮತ್ತೆ ಬಣ್ಣ ಹೊಡೆಸಲೇ ಎಂದು ಕೇಳಿದ್ದೆ. ಕೊನೆಗೆ ಆ ಎರಡು ಭಾಗಗಳಿಗೆ ಮಾತ್ರ ಹೊಡೆಸಿದೆ. ಪಾಲಿಶ್ ಸಾಕು ಎಂದವರಿದ್ದರು. ಎದ್ದುಹೋದ ಪದರವನ್ನು ಯಾವ ಪಾಲಿಶ್ ಕೂಡ ಮರಳಿ ತರುವುದಿಲ್ಲ.

ನಿರ್ಧಾರಕ್ಕೆ ಕಾರಣವಾದದ್ದು ಬೇರೆ ಸಂಗತಿ. ಕಾರ್ಖಾನೆಯಲ್ಲಿ ಬರಿಯ ಲೋಹದ ಕವಚಕ್ಕೆ ಬಣ್ಣ ಬಳಿದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುತ್ತಾರೆ. ವೈರು, ಪ್ಲಾಸ್ಟಿಕ್ ಎಲ್ಲ ಕೂಡಿಸಿದ ಕಾರನ್ನು ಗ್ಯಾರೇಜಿನಲ್ಲಿ ಕಾಯಿಸುವುದು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿನಲ್ಲಿ. ಅಷ್ಟು ಹೆಚ್ಚು ಕಾವಿನಲ್ಲಿ ಕಾಯ್ದು ಬಾಗಿಲುಗಳ ಮೇಲೆ ಗಟ್ಟಿಯಾಗಿ ಕೂತಿರುವ ಮೂಲ ಬಣ್ಣವನ್ನು, ಹೊಸದನ್ನು ಹೊಡೆಸಲೆಂದು ಸುಮ್ಮನೆ ಉಜ್ಜಿಸುವುದೇಕೆ?

ಪಕ್ಕದ ಫೆಂಡರ್‌ಗಳಿಗೂ (ಮುಂದಿನ ಚಕ್ರಗಳ ಮೇಲಿನ ಭಾಗ) ಬಣ್ಣವನ್ನು ತೆಳುವಾಗಿ ಹರಡಿಸಿದ್ದರಿಂದ (ಲೋಹದ ಹೊಳಪಿನ ಬೆಳ್ಳಿ ಬಣ್ಣ, ಹೊಂದಿಸುವುದು ಕಷ್ಟ) ಬಿಸಿಲಿನಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಬಂಪರ್ ತುಸು ಮಂಕು, ಅದು ಮೊದಲೂ ಹಾಗೆಯೇ ಇತ್ತು. ಹೊಸ ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ವ್ಯಾಕ್ಸ್ ಹಚ್ಚಬೇಡಿ ಎಂದಿದ್ದಾರೆ, ಕಾಯುತ್ತಿದ್ದೇನೆ.