ಮಕ್ಕಳು, ಅಮ್ಮ, ಟೆಂಟು, ಮಳೆ: ಜಿರೋ ಸಂಗೀತ ಹಬ್ಬಕ್ಕೆ ಏನೇನು ಕಟ್ಟಿಕೊಳ್ಳಬೇಕು?

ಕೇಳಿದ್ದು:

ಸೆಪ್ಟೆಂಬರ್ ಕೊನೆಗೆ ಅರುಣಾಚಲದ ಜಿರೋ ಸಂಗೀತ ಹಬ್ಬಕ್ಕೆ ಹೊರಟಿದ್ದೇವೆ. ನಾನು, ನಮ್ಮವರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ. ಅಮ್ಮನೂ ಬರುತ್ತೇನೆ ಅಂತಿದ್ದಾರೆ, ಅವರಿಗೆ 66. ನಾಲ್ಕು ರಾತ್ರಿ ಟೆಂಟ್‌ನಲ್ಲಿ ಮಲಗಬೇಕು. ನಾವ್ಯಾರೂ ಇದುವರೆಗೆ ಒಂದು ರಾತ್ರಿಯೂ ಟೆಂಟ್‌ನಲ್ಲಿ ಮಲಗಿದವರಲ್ಲ. ವಿಮಾನದಲ್ಲಿ ತಲೆಗೆ 15 ಕೆ.ಜಿ. ಮಾತ್ರ ಬಿಡುತ್ತಾರೆ. ಏನು ತಗೊಂಡು ಹೋಗಲೇಬೇಕು, ಏನು ಬಿಡಬಹುದು? ನಾವು ಸಸ್ಯಾಹಾರಿಗಳು. ಹೋಗಿ ಬಂದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಾಯಿ:

ಖಂಡಿತ ಹೋಗಿ. ನಾವು ಎರಡು ಸಲ ಹೋಗಿ ಬಂದಿದ್ದೇವೆ, ಎರಡು ಸಲವೂ ಮಕ್ಕಳ ಜೊತೆ. ಎರಡನೇ ಸಲ ತೀರ್ಥಹಳ್ಳಿಯಿಂದ ಅತ್ತೆಯೂ ಬಂದಿದ್ದರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಕಷ್ಟ ಕೊಡೋದು ಒದ್ದೆ. ಚಳಿ, ದೂರ ಎಲ್ಲ ಆಮೇಲಿನ ಮಾತು. ಜಿರೋ ಕಣಿವೆ ಇರೋದು 1,500 ಮೀಟರ್‌ಗೂ ಎತ್ತರದಲ್ಲಿ. ಹಬ್ಬದ ಹೊತ್ತಿಗೆ ಮಳೆಗಾಲ ಪೂರ್ತಿ ಮುಗಿದಿರಲ್ಲ. ಸುತ್ತ ಗದ್ದೆ, ಮಧ್ಯೆ ಹುಲ್ಲಿನ ಬಯಲು. ಒಂದು ಗಂಟೆ ಮಳೆ ಬಂದರೆ ಸಾಕು, ಅಷ್ಟು ಜನ ತುಳಿದು ನೆಲ ನಾಟಿಗೆ ಹದ ಮಾಡಿದ ಗದ್ದೆ ಥರ ಆಗುತ್ತೆ. ಒಮ್ಮೆ ನೆನೆದ ಬಟ್ಟೆ ಅಲ್ಲಿ ಒಣಗೋದು ಕಷ್ಟ.

ಮೊದಲ ಸಲ ನಮಗೆ ಆದದ್ದು ಹೇಳುತ್ತೇನೆ. ಹೊಸ ಟೆಂಟು, ಬಿಚ್ಚಿಯೂ ನೋಡದೆ ತಗೊಂಡು ಹೋಗಿದ್ದೆವು. ರಾತ್ರಿ ಎರಡು ಗಂಟೆಗೆ ಚಿಕ್ಕವನು "ಅಮ್ಮಾ, ಕಾಲು ತಣ್ಣಗಾಗ್ತಿದೆ" ಅಂದ. ಟಾರ್ಚ್ ಹಾಕಿದರೆ ಮೂಲೆಯ ಹೊಲಿಗೆಯಿಂದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಬಟ್ಟೆಯ ಬ್ಯಾಗನ್ನು ಟೆಂಟಿನ ಗೋಡೆಗೆ ಒರಗಿಸಿ ಇಟ್ಟಿದ್ದೆವು. ಗೋಡೆಗೆ ತಾಗಿದ ಜಾಗದಿಂದಲೇ ನೀರು ಹೀರಿಕೊಂಡು ಬ್ಯಾಗು ಅರ್ಧ ನೆಂದಿತ್ತು. ಒಣಗಿದ್ದದ್ದು ಒಂದೇ ಒಂದು ಜೊತೆ: ಮಗ ವಿಮಾನದಲ್ಲಿ ವಾಂತಿ ಮಾಡಿಕೊಂಡರೆ ಇರಲಿ ಅಂತ ಜಿಪ್ ಕವರ್‌ನಲ್ಲಿ ಬೇರೆ ಇಟ್ಟಿದ್ದ ಅವನ ಪ್ಯಾಂಟು, ಸ್ವೆಟರು, ಕಾಲುಚೀಲ. ಅವನಿಗೆ ಅದನ್ನು ಹಾಕಿ ಮಲಗಿಸಿದೆ. ದೊಡ್ಡವಳು ನನ್ನ ಜಾಕೆಟ್ ಒಳಗೆ ಬೆಳಗಿನ ತನಕ ಮುದುಡಿಕೊಂಡಿದ್ದಳು.

ಈಗ ನಮ್ಮ ಮನೆಯಲ್ಲಿ ಪ್ರತಿ ಪ್ರಯಾಣಕ್ಕೂ ಅದೇ ಕ್ರಮ. ಒಬ್ಬೊಬ್ಬರ ಒಂದೊಂದು ದಿನದ ಬಟ್ಟೆ ಒಂದೊಂದು ಜಿಪ್ ಕವರ್‌ಗೆ. ಮೇಲೆ ಹೆಸರು ಬರೆದು, ಗಾಳಿ ಒತ್ತಿ ತೆಗೆದರೆ ಜಾಗವೂ ಉಳಿಯುತ್ತೆ. ಮಲಗೋ ಬಟ್ಟೆ ಮತ್ತು ಮಲಗೋ ಕಾಲುಚೀಲ ಟೆಂಟಿನಿಂದ ಆಚೆ ಹೋಗೋ ಹಾಗಿಲ್ಲ. ಎಷ್ಟೇ ಸುಸ್ತಾಗಿದ್ದರೂ ಬಟ್ಟೆ ಬದಲಿಸಿಯೇ ಮಲಗಬೇಕು. ಕೆಸರಿನ ಬಟ್ಟೆಗೆ ಅಂತ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಬೇರೆ.

ಟೆಂಟನ್ನು ಹೊರಡುವ ಎರಡು ವಾರ ಮೊದಲು ತಾರಸಿ ಮೇಲೆ ಹಾಕಿ ನೋಡಿ. ಮಕ್ಕಳ ಕೈಯಲ್ಲೇ ಗೂಟ, ಕಂಬಿ ಜೋಡಿಸಿ. ಆಮೇಲೆ ನಾಲ್ಕೈದು ಬಕೆಟ್ ನೀರು ಸುರಿದು ಒಳಗೆ ಕೂತು ಹೊಲಿಗೆಗಳನ್ನು ನೋಡಿ. ಸೋರಿದರೆ ಹೊಲಿಗೆಗೆ ಬಳಿಯೋ ಅಂಟು ಸಿಗುತ್ತೆ, ಬಳಿದು ಒಣಗಿಸಿ ಮತ್ತೆ ನೀರು ಸುರಿಯಿರಿ. ಕೆಳಗೆ ಟಾರ್ಪಾಲ್ ಹಾಸೋದಾದರೆ ಅದು ಟೆಂಟಿನ ತಳಕ್ಕಿಂತ ಚೂರು ಚಿಕ್ಕದಿರಬೇಕು. ಅಂಚು ಆಚೆ ಇಣುಕಿದರೆ ಮಳೆ ನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನ ಕೆಳಗೇ ಬಂದು ನಿಲ್ಲುತ್ತೆ. ಮೂರು ಜನದ ಟೆಂಟು ಅಂತ ಬರೆದಿದ್ದರೆ ಇಬ್ಬರು ಮತ್ತು ಅವರ ಬ್ಯಾಗಿಗೆ ಅಂತ ಲೆಕ್ಕ ಹಿಡಿಯಿರಿ. ಹೊತ್ತುಕೊಂಡು ಹೋಗೋದು ಬೇಡ ಅನ್ನಿಸಿದರೆ ಅಲ್ಲೇ ಹಾಕಿಟ್ಟ ಟೆಂಟು, ಸ್ಲೀಪಿಂಗ್ ಬ್ಯಾಗು ಬಾಡಿಗೆಗೂ ಸಿಗುತ್ತೆ. ಎರಡನೇ ಸಲ ನಾವು ಹಾಗೇ ಮಾಡಿದ್ದು. ಆರು ಕೆ.ಜಿ. ಉಳಿಯಿತು.

ಆ ಉಳಿದ ಜಾಗದಲ್ಲಿ ಅತ್ತೆ ಕಂಬಳಿ ತುರುಕಿದರು. ನಮ್ಮ ಮನೆಯ ಹಳೇ ಕರಿ ಕಂಬಳಿ, ಎರಡೂವರೆ ಕೆ.ಜಿ. ಇತ್ತು. ನಾನು ಬೇಡ ಅಂದಿದ್ದೆ. ಆದರೆ ಅದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಉಣ್ಣೆ ಚೂರು ತೇವ ಆದರೂ ಬೆಚ್ಚಗಿರುತ್ತೆ. ರಾತ್ರಿ ಮಕ್ಕಳ ಕೆಳಗೆ ಹಾಸಿದೆವು. ಅಲ್ಲಿ ಚಳಿ ಬರೋದು ನೆಲದಿಂದ, ಮೇಲೆ ಎಷ್ಟು ಹೊದ್ದರೂ ಕೆಳಗೆ ತೆಳ್ಳಗಿದ್ದರೆ ನಿದ್ದೆ ಬರಲ್ಲ. ಬೆಳಿಗ್ಗೆ ಸೋನೆ ಹಿಡಿದಾಗ ಅತ್ತೆ ಅದನ್ನೇ ಕೊಪ್ಪೆ ಮಡಚಿ ತಲೆ ಮೇಲೆ ಹಾಕಿಕೊಂಡು ಚಹಾ ತರೋಕೆ ಹೊರಟರು. ಮನೆಯಲ್ಲಿ ಕಂಬಳಿ ಇಲ್ಲದಿದ್ದರೆ ದಪ್ಪ ಫೋಮ್ ಚಾಪೆ ತಲೆಗೊಂದು ಇರಲಿ.

ಕಾಲಿಗೆ ಗಮ್‌ಬೂಟು. ಶೂ ಆಗಲ್ಲ, ಸ್ಯಾಂಡಲ್ ಆಗಲ್ಲ. ದೊಡ್ಡವರದ್ದು ಜಿರೋದ ಹಾಪೋಲಿ ಪೇಟೆಯಲ್ಲಿ ತಗೊಳ್ಳಬಹುದು, ಇಲ್ಲಿಂದ ಹೊರೋದು ಬೇಡ. ಮಕ್ಕಳ ಅಳತೆ ಸಿಗುತ್ತೋ ಇಲ್ಲವೋ ಅಂತ ನಂಬಿಕೊಂಡು ಹೋಗಬೇಡಿ, ಇಲ್ಲಿಂದಲೇ ಒಯ್ಯಿರಿ. ಟೆಂಟ್ ಬಾಗಿಲಲ್ಲಿ ಬಿಚ್ಚಿದ ಬೂಟನ್ನು ಮಗುಚಿ ಇಡಿ ಅಥವಾ ಚೀಲದಲ್ಲಿ ಹಾಕಿ ಒಳಗಿಡಿ. ರಾತ್ರಿ ಮಳೆ ಬಂದರೆ ಬೂಟು ತುಂಬಿರುತ್ತೆ.

ಕೊಡೆ ಬೇಡ. ವೇದಿಕೆ ಮುಂದೆ ಕೊಡೆ ಬಿಡಿಸಿದರೆ ಹಿಂದಿನವರಿಗೆ ಏನೂ ಕಾಣಲ್ಲ. ಎಲ್ಲರಿಗೂ ರೇನ್‌ಕೋಟು, ಮಕ್ಕಳಿಗೆ ಮೊಣಕಾಲಿಗಿಂತ ಕೆಳಗೆ ಬರೋ ಅಂಥದ್ದು.

ಹಾಸನದಿಂದ, ಒಬ್ಬ ತಂದೆ:

ಮೇಲಿನವರು ಬಟ್ಟೆ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಎರಡು ವಿಷಯ ಸೇರಿಸುತ್ತೇನೆ.

ಒಂದು, ಕಿವಿ. ನಿಮ್ಮ ಐದು ವರ್ಷದ ಮಗನಿಗೆ ಕಿವಿ ಪೂರ್ತಿ ಮುಚ್ಚೋ ಇಯರ್‌ಮಫ್ ತಗೊಳ್ಳಿ. ಹಾಡು ಕೇಳೋ ಹೆಡ್‌ಫೋನ್ ಅಲ್ಲ, ಸದ್ದು ತಡೆಯೋ ಅಂಥದ್ದು. 85 ಡೆಸಿಬೆಲ್ ದಾಟಿದ ಸದ್ದು ಹೊತ್ತು ಹೋದ ಹಾಗೆ ಕಿವಿಗೆ ಹಾನಿ ಮಾಡುತ್ತೆ. ದೊಡ್ಡ ಸ್ಪೀಕರ್ ಹತ್ತಿರ 100 ದಾಟೋದು ಮಾಮೂಲು. ಚಿಕ್ಕ ಮಕ್ಕಳ ಕಿವಿಗೆ ಹತ್ತಿ ತುರುಕಿದರೆ ಸಾಲದು. ಹೊಸದನ್ನು ಅಲ್ಲಿ ಮೊದಲ ಸಲ ಹಾಕಿದರೆ ಕಿತ್ತು ಎಸೆಯುತ್ತಾರೆ. ಅದಕ್ಕೇ ಮನೆಯಲ್ಲಿ ಮಿಕ್ಸಿ ಓಡಿಸುವಾಗೆಲ್ಲ ಹಾಕಿ ರೂಢಿ ಮಾಡಿಸಿದೆವು. ಈಗ ನನ್ನ ಮಗಳು ಪಟಾಕಿಗೂ ಅದನ್ನೇ ಕೇಳುತ್ತಾಳೆ.

ಎರಡು, ಕತ್ತಲೆ. ಅಲ್ಲಿ ಸಂಜೆ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆಗಿಂತ ಒಂದು ಗಂಟೆಗೂ ಮೊದಲು. ಬೆಳಿಗ್ಗೆ ಐದಕ್ಕೇ ಬೆಳಕು ಹರಿಯುತ್ತೆ. ತಲೆಗೆ ಕಟ್ಟೋ ಟಾರ್ಚ್ ಒಬ್ಬೊಬ್ಬರಿಗೂ ಒಂದೊಂದು ಬೇಕು, ಮಕ್ಕಳಿಗೂ. ಕೆಸರಿನಲ್ಲಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಶೌಚಾಲಯಕ್ಕೆ ಹೋಗೋಕೆ ಆಗಲ್ಲ. ಟೆಂಟಿನ ತುದಿಗೆ ಬಣ್ಣದ ಬಟ್ಟೆ ಕಟ್ಟಿ. ರಾತ್ರಿ ಎಲ್ಲ ಟೆಂಟೂ ಒಂದೇ ಥರ ಕಾಣುತ್ತೆ. ನಾವು ಹಳೇ ಕೆಂಪು ಟವೆಲ್ ಕಟ್ಟಿದ್ದೆವು, ಅಕ್ಕಪಕ್ಕದವರೂ ಅದನ್ನೇ ಗುರುತು ಮಾಡಿಕೊಂಡರು. ಮೊಬೈಲ್ ನೆಟ್‌ವರ್ಕ್ ನಂಬಬೇಡಿ. ಮಕ್ಕಳ ತೋಳಿಗೆ ನಿಮ್ಮ ನಂಬರನ್ನು ಅಳಿಸದ ಮಾರ್ಕರ್‌ನಲ್ಲಿ ಬರೆಯಿರಿ, ತಪ್ಪಿಸಿಕೊಂಡರೆ ಬಂದು ನಿಲ್ಲಬೇಕಾದ ಒಂದು ಜಾಗವನ್ನೂ ತೋರಿಸಿಡಿ.

ಪವರ್ ಬ್ಯಾಂಕು ಕೈಚೀಲದಲ್ಲೇ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬಿಡಲ್ಲ. 20,000 ಎಂಎಎಚ್‌ನದ್ದು ಒಂದಿದ್ದರೆ ಎರಡು ಫೋನಿಗೆ ಹೇಗೋ ನಾಲ್ಕು ದಿನ ತಳ್ಳಬಹುದು. ಟೆಂಟಿನ ಗೂಟಗಳು ಮಾತ್ರ ಚೆಕ್-ಇನ್‌ಗೆ.

ಮೈಸೂರಿನಿಂದ, ಮೊಮ್ಮಕ್ಕಳ ಜೊತೆ ಹೋಗಿದ್ದ ಅಜ್ಜಿ:

ಮಗಳೇ, ನಿಮ್ಮ ಅಮ್ಮನ ಬಗ್ಗೆ ಇಷ್ಟು ಹೇಳಬೇಕು ಅನ್ನಿಸಿತು. ನನಗೂ ಹೆಚ್ಚು ಕಡಿಮೆ ಅಷ್ಟೇ ವಯಸ್ಸು. ಮೇಲೆ ಬರೆದವರ ಅತ್ತೆ ಟೆಂಟಿನಲ್ಲಿ ಮಲಗಿದರು ಅಂತ ಎಲ್ಲರ ಕೈಯಲ್ಲೂ ಆಗಲ್ಲ. ಟೆಂಟಿನೊಳಗೆ ಬಗ್ಗಿ ಹೋಗೋದು, ನೆಲದಿಂದ ಏಳೋದು, ರಾತ್ರಿ ಎರಡು ಸಲ ಕೆಸರಿನಲ್ಲಿ ನಡೆಯೋದು, ಮಂಡಿನೋವು ಇದ್ದವರಿಗೆ ಇದು ದೊಡ್ಡ ಶಿಕ್ಷೆ. ನಾನು ಒಂದು ರಾತ್ರಿ ಮಲಗಿ, ಮಾರನೇ ದಿನ ಹಳ್ಳಿಯ ಹೋಂಸ್ಟೇಗೆ ಹೋದೆ. ಆ ಕಣಿವೆಯ ಬುಡಕಟ್ಟಿನವರಾದ ಅಪತಾನಿ ಜನರ ಮನೆ ಅದು. ಮಧ್ಯದಲ್ಲಿ ಒಲೆ, ಸುತ್ತ ಕೂತು ಮಾತು. ಅವರ ಭಾಷೆ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ, ಆದರೂ ಆ ಮನೆಯಾಕೆ ನನ್ನ ಒದ್ದೆ ಶಾಲನ್ನು ಒಲೆ ಮೇಲಿನ ಅಟ್ಟಣಿಗೆಯಲ್ಲಿ ಒಣಗಿಸಿ ಮಡಚಿ ಕೊಟ್ಟಳು. ಅಮ್ಮನಿಗೆ ಹೋಂಸ್ಟೇ ಮೊದಲೇ ಹಿಡಿಯಿರಿ, ಹಬ್ಬದ ದಿನಗಳಲ್ಲಿ ಕೊನೇ ಗಳಿಗೆಗೆ ಸಿಗಲ್ಲ. ಹಗಲು ಅವರು ಬಂದು ಹಾಡು ಕೇಳಲಿ. ಮಡಚೋ ಸ್ಟೂಲು ಒಂದು, ಊರುಗೋಲು ಒಂದು, ಬಿಸಿನೀರಿನ ಫ್ಲಾಸ್ಕ್ ಒಂದು ಇರಲಿ. ಅವರ ಬಿ.ಪಿ. ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬ್ಯಾಗಿನಲ್ಲಿ ಇಡಿ.

ಮತ್ತೆ ಕೇಳಿದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಅಜ್ಜಿಯ ಮಾತು ಓದಿ ಹೇಳಿದೆ, ಹೋಂಸ್ಟೇ ಆದರೆ ನೆಮ್ಮದಿ ಅಂದರು. ಊಟ ಹೇಗೆ? ಸಣ್ಣ ಗ್ಯಾಸ್ ಸ್ಟೌ ಒಯ್ಯಲಾ? ದಾರಿ ಬಗ್ಗೆಯೂ ಹೇಳಿ.

ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಾಯಿ:

ಅಜ್ಜಿ ಹೇಳಿದ್ದು ಒಪ್ಪುತ್ತೇನೆ. ನಮ್ಮ ಅತ್ತೆಗೆ ಮಂಡಿ ಗಟ್ಟಿ ಇತ್ತು, ಅದಕ್ಕೇ ನಡೆಯಿತು.

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡಲ್ಲ. ಸ್ಟೌ ಬೇಡವೇ ಬೇಡ. ಬಿಸಿನೀರು ಒಂದು ಸಿಕ್ಕರೆ ನಮ್ಮ ಅಡುಗೆಮನೆಯಲ್ಲಿ ಇರೋದೇ ಸಾಕು. ರವೆ ಹುರಿದು ಒಗ್ಗರಣೆ, ಉಪ್ಪು ಎಲ್ಲ ಹಾಕಿ ಪುಡಿ ಮಾಡಿಕೊಂಡ ಉಪ್ಪಿಟ್ಟು, ಡಬ್ಬಿಯಲ್ಲಿ ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಗೊಜ್ಜವಲಕ್ಕಿಗೆ ತಣ್ಣೀರೇ ಸಾಕು. ಹುರಿಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಒಯ್ಯಿರಿ, ಮಕ್ಕಳಿಗೆ ಬೆಳಿಗ್ಗೆ ಆರಕ್ಕೆ ಹಸಿವಾಗುತ್ತೆ, ಅಂಗಡಿಗಳು ಅಷ್ಟು ಹೊತ್ತಿಗೆ ತೆರೆದಿರಲ್ಲ. ಪುಳಿಯೋಗರೆ ಗೊಜ್ಜು ಒಯ್ಯಿರಿ, ಅಲ್ಲಿ ಬಿಸಿ ಅನ್ನ ಸಿಗುತ್ತೆ. ಚಟ್ನಿಪುಡಿ, ಹುರಿಗಡಲೆ, ನಿಪ್ಪಟ್ಟು ಹೇಳೋದೇ ಬೇಡ. ಗಾಜಿನ ಬಾಟಲಿ ಬೇಡ. ಸ್ಟೀಲ್ ತಟ್ಟೆ, ಲೋಟ ತಲೆಗೊಂದು. ಕಸ ಕಡಿಮೆಯಾಗುತ್ತೆ. ಆ ಕಣಿವೆಯಲ್ಲಿ ಒಂದು ಬಿಸ್ಕತ್ ಕವರ್ ಬಿಟ್ಟು ಬರೋಕೂ ಮನಸ್ಸು ಬರಲ್ಲ.

ಮಳಿಗೆಗಳಲ್ಲಿ ವೆಜ್ ಮೋಮೋ, ನೂಡಲ್ಸ್ ಸಿಗುತ್ತೆ. ಅಲ್ಲಿನವರ ಅಡುಗೆಯಲ್ಲಿ ಮಾಂಸ ಜಾಸ್ತಿ, ಕೇಳಿ ತಗೊಳ್ಳಿ. ಬಿದಿರಿನ ಮೊಳಕೆ ಅವರ ಊಟದಲ್ಲಿ ದಿನವೂ ಇರುತ್ತೆ. ಅತ್ತೆ ಅದರ ಹುಳಿ ವಾಸನೆ ಹಿಡಿದೇ "ಕಳಲೆ" ಅಂದರು.

ದಾರಿ: ನಾವು ಗುವಾಹಟಿವರೆಗೆ ವಿಮಾನ, ಅಲ್ಲಿಂದ ರಾತ್ರಿ ರೈಲಿನಲ್ಲಿ ಅರುಣಾಚಲದ ನಹರ್‌ಲಗುನ್. ಆಮೇಲೆ ಜಿರೋವರೆಗೆ ಸುಮೋ. ಸುಮಾರು 100 ಕಿ.ಮೀ. ಅಷ್ಟೇ, ಆದರೆ ನಾಲ್ಕೈದು ಗಂಟೆ, ಬರೀ ತಿರುವು. ವಾಂತಿಯ ಮಾತ್ರೆಯನ್ನು ಡಾಕ್ಟರ್ ಹತ್ತಿರ ಮಕ್ಕಳ ತೂಕ ಹೇಳಿ ಮೊದಲೇ ಬರೆಸಿಕೊಳ್ಳಿ. ನಿಂಬೆಹಣ್ಣು, ನಾಲ್ಕು ಗಟ್ಟಿ ಕವರು ಕೈಗೆ ಸಿಗೋ ಹಾಗಿರಲಿ. ಬ್ಯಾಗುಗಳು ಸುಮೋ ಮೇಲಿನ ಕ್ಯಾರಿಯರ್‌ನಲ್ಲಿ ಹೋಗುತ್ತವೆ. ಅಲ್ಲೇ ಮೊದಲು ನೆನೆಯೋದು, ಅದಕ್ಕೇ ಟಾರ್ಪಾಲನ್ನು ಬ್ಯಾಗಿನ ಒಳಗೆ ಮಡಚಿಡಬೇಡಿ, ಬ್ಯಾಗಿಗೇ ಸುತ್ತಿ.

ಹೊರಗಿನವರು ಅರುಣಾಚಲದೊಳಗೆ ಹೋಗೋಕೆ ಇನ್ನರ್ ಲೈನ್ ಪರ್ಮಿಟ್ ಅನ್ನೋ ಅನುಮತಿ ಪತ್ರ ಬೇಕು, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಎರಡೆರಡು ಪ್ರತಿ ತೆಗೆದು, ಎಲ್ಲರ ಗುರುತಿನ ಚೀಟಿ ಜೊತೆ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಿ, ಮಕ್ಕಳದ್ದೂ ಸೇರಿಸಿ. ನಗದು ಜಾಸ್ತಿ ಇರಲಿ, ಹತ್ತು ಇಪ್ಪತ್ತರ ಚಿಲ್ಲರೆಯೂ ಇರಲಿ.

ಔಷಧಿ ಚೀಲದಲ್ಲಿ ಪ್ಯಾರಸಿಟಮಾಲ್, ಓಆರ್‌ಎಸ್, ಬ್ಯಾಂಡೇಜು, ಓಡೋಮಸ್. ಕಾಡಿನ ಕಡೆ ನಡೆಯೋ ಆಸೆ ಇದ್ದರೆ ಉಂಬಳಕ್ಕೆ ಒಂದು ಪೊಟ್ಟಣ ಉಪ್ಪು. ಬಿಡಬಹುದಾದದ್ದು: ಜೀನ್ಸು (ನೆಂದರೆ ಒಂದು ಮಣ ಭಾರ), ಹೇರ್ ಡ್ರೈಯರು, ಪುಸ್ತಕಗಳು, ಮಕ್ಕಳ ಆಟದ ಸಾಮಾನು. ಇಸ್ಪೀಟು ಒಂದು ಸಾಕು. ಮಕ್ಕಳಿಗೆ ಕೆಸರೇ ಆಟ.

ಹಗಲಿನ ವೇದಿಕೆಯನ್ನು ತಪ್ಪಿಸಬೇಡಿ. ಬಿದಿರಿನಲ್ಲೇ ಕಟ್ಟಿರುತ್ತಾರೆ. ಹಗಲಿನದ್ದು ಡಾನ್ಯಿ, ರಾತ್ರಿಯದ್ದು ಪಿಲೊ. ಅಪತಾನಿ ಭಾಷೆಯಲ್ಲಿ ಸೂರ್ಯ, ಚಂದ್ರ ಅಂತ ಅರ್ಥ. ಚಿಕ್ಕವರಿಗೆ ಹಗಲಿನದ್ದೇ ಸರಿ, ಹುಲ್ಲಿನ ಮೇಲೆ ಕೂತು ಕೇಳಬಹುದು. ಅದಕ್ಕೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಇರಲಿ. 2012ರಲ್ಲಿ ಶುರುವಾದ ಹಬ್ಬ, ಅಲ್ಲಿನ ಜನ ಮನೆಮಂದಿಯೆಲ್ಲ ಬರುತ್ತಾರೆ. ನಿಮ್ಮ ಮಕ್ಕಳಿಗೆ ಜೊತೆ ಸಿಗುತ್ತೆ.

ಬೆಳಿಗ್ಗೆ ಹೇಗೂ ಐದಕ್ಕೆ ಎಚ್ಚರ ಆಗುತ್ತೆ. ಎಲ್ಲರೂ ಮಲಗಿರುವಾಗ ಬೂಟು ಹಾಕಿಕೊಂಡು ಗದ್ದೆ ಕಡೆ ಹೋಗಿ. ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುತ್ತಾರೆ, ಬದುವಿನ ಮೇಲೆ ರಾಗಿ ಬೆಳೆಯುತ್ತಾರೆ. ಅತ್ತೆ ಬದುವಿನ ಮೇಲೆ ನಿಂತು ಒಂದು ತೆನೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಕೀಳದೆ, ಹಾಗೇ ಮಕ್ಕಳಿಗೆ ತೋರಿಸಿದರು. "ನೋಡ್ರೋ, ನಿಮ್ಮ ಮುದ್ದೆ" ಅಂದರು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು.

ಮತ್ತೆ ಕೇಳಿದ್ದು:

ಈ ಭಾನುವಾರ ಟೆಂಟ್ ತಾರಸಿಗೆ ಹೋಗುತ್ತೆ. ಕೊನೇ ಪ್ರಶ್ನೆ: ಮಗನ ಗಮ್‌ಬೂಟು ಅವನ ಅಳತೆಯದ್ದೇ ತಗೊಳ್ಳಲಾ?

ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಾಯಿ:

ಒಂದು ಅಳತೆ ದೊಡ್ಡದು ತಗೊಳ್ಳಿ. ಒಳಗೆ ದಪ್ಪ ಕಾಲುಚೀಲ ಹಾಕಬೇಕಲ್ವಾ. ತುಂಬಾ ದೊಡ್ಡದು ಬೇಡ, ಕೆಸರು ಬೂಟನ್ನು ಹಿಡಿದುಕೊಂಡು ಕಾಲನ್ನು ಮಾತ್ರ ಬಿಡುತ್ತೆ. ಅಂಗಡಿಯಲ್ಲಿ ಕಾಲುಚೀಲ ಹಾಕಿಸಿಯೇ ನಡೆಸಿ ನೋಡಿ.